ಇಂಜಿನ್ ಬಿಚ್ಚುವ ಮೊದಲು ಟೈಮಿಂಗ್ ಚೈನ್ ಅಳೆಯಿರಿ

ಕೇಳುಗರಿಗೆಲ್ಲ ನಮಸ್ಕಾರ.

ಹಳೆ ಅಂಬಾಸಡರ್ ಇಟ್ಟುಕೊಂಡವರಿಗೆ ಈ ಮಾತು ಹೊಸದಲ್ಲ. ಕಾರಿಗೆ ಎಳೆತ ಇಲ್ಲ, ಏರು ಬಂದರೆ ಏದುಸಿರು, ಪೆಟ್ರೋಲ್ ಖರ್ಚು ಜಾಸ್ತಿ. ಗ್ಯಾರೇಜಿಗೆ ಒಯ್ದರೆ "ರಿಂಗ್ ಹೋಗಿದೆ ಸಾರ್, ಇಂಜಿನ್ ಇಳಿಸ್ಬೇಕು" ಅನ್ನುತ್ತಾರೆ. ರಿಂಗ್ ಅಂದರೆ ಒತ್ತಡ ಸೋರದಂತೆ ಪಿಸ್ಟನ್ ಸುತ್ತ ಇರುವ ಉಂಗುರ. ಅವರು ಹೇಳಿದ್ದು ನಿಜ ಇರಬಹುದು. ಆದರೆ ಇಳಿಸುವ ಮೊದಲು ಟೈಮಿಂಗ್ ಚೈನ್ ಎಷ್ಟು ಸವೆದಿದೆ ಅಂತ ಅಳೆದುಬಿಡಿ. ಎಲ್ಲ ಬಿಚ್ಚಿ ಹರಡಿದ ಮೇಲೆ ಆ ಲೆಕ್ಕ ಸಿಗುವುದಿಲ್ಲ.

ನಾನು ಹೇಳುತ್ತಿರುವುದು 1489 ಸಿಸಿ ಪೆಟ್ರೋಲ್ ಇಂಜಿನ್ನಿನ ವಿಷಯ. ಇಂಗ್ಲೆಂಡಿನ ಬಿ.ಎಂ.ಸಿ. ಕಂಪನಿಯ ಬಿ ಸೀರೀಸ್ ಇಂಜಿನ್ ಅದು. ಮಾರಿಸ್ ಆಕ್ಸ್‌ಫರ್ಡ್‌ನಲ್ಲೂ ಇತ್ತು. ಇದರಲ್ಲಿ ಪಿಸ್ಟನ್‌ಗಳು ತಿರುಗಿಸುವ ದಂಡ ಕ್ರ್ಯಾಂಕ್. ಗಾಳಿ, ಹೊಗೆ ಹೋಗಿಬರುವ ಬಾಗಿಲುಗಳಾದ ವಾಲ್ವ್‌ಗಳನ್ನು ತೆರೆಯುವ ದಂಡ ಕ್ಯಾಮ್. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಎರಡನ್ನೂ ಸೇರಿಸುವುದು ಮುಂದಿನ ಕವರಿನೊಳಗಿನ ಈ ಟೈಮಿಂಗ್ ಚೈನ್. ಅದು ಸಡಿಲವಾದರೆ ಕ್ಯಾಮ್ ಹಿಂದೆ ಬೀಳುತ್ತದೆ, ವಾಲ್ವ್‌ಗಳು ತಡವಾಗಿ ತೆರೆದು ತಡವಾಗಿ ಮುಚ್ಚುತ್ತವೆ.

ಸಡಿಲವಾದ ಚೈನಿನಲ್ಲಿ ಉಕ್ಕಿನ ಪಟ್ಟಿಗಳೇನೂ ಹಿಗ್ಗಿರುವುದಿಲ್ಲ. ಪ್ರತಿ ಕೊಂಡಿಯ ಪಿನ್ನು, ಬುಷ್ಷು ಸವೆದಿರುತ್ತವೆ. ಹಳೆ ಸೈಕಲ್ ಚೈನ್ ಜೋತು ಬೀಳುವುದೂ ಹೀಗೇ ಅಲ್ವಾ? ಒಂದು ಕೊಂಡಿಗೆ 0.05 ಮಿಲಿಮೀಟರ್ ಸವೆತ ಕಣ್ಣಿಗೆ ಕಾಣುವುದಿಲ್ಲ. 50 ಕೊಂಡಿ ಸೇರಿದರೆ ಅದೇ ಎರಡೂವರೆ ಮಿಲಿಮೀಟರ್.

ಸದ್ದು ಕೇಳಿ ಹೇಳಬಹುದು ಅನ್ನುವವರಿದ್ದಾರೆ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಆದಾಗ, ಆಕ್ಸಿಲರೇಟರ್ ಬಿಟ್ಟಾಗ ಮುಂಭಾಗದಿಂದ ಗರಗರ ಬರುವುದು ನಿಜ. ಆದರೆ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಸರಿಯಿದ್ದರೆ ಸವೆದ ಚೈನೂ ಸುಮ್ನಿರುತ್ತದೆ. ಹಾಗಾಗಿ ನನಗೆ ಕಿವಿಗಿಂತ ಅಳತೆಯ ಮೇಲೆ ನಂಬಿಕೆ.

ಅಳೆಯುವುದು ಸುಲಭ. ಬ್ಯಾಟರಿ ವೈರ್ ತೆಗೆಯಿರಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ನಾಲ್ಕೂ ಪ್ಲಗ್ ಬಿಚ್ಚಿ, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಎತ್ತಿ. ಒಳಗಿನ ರೋಟರ್ ಕ್ಯಾಮ್‌ನಿಂದಲೇ ತಿರುಗುತ್ತದೆ. ಸ್ಟಾರ್ಟಿಂಗ್ ಹ್ಯಾಂಡಲ್ ಮುಂದಕ್ಕೆ ಮಾತ್ರ ಹಿಡಿಯುತ್ತದೆ, ನಮಗೆ ಹಿಂದಕ್ಕೂ ತಿರುಗಿಸಬೇಕು. ಅದಕ್ಕೇ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ದೊಡ್ಡ ಪಾನಾ ಹಾಕಿ. ಮುಂದಕ್ಕೆ ತಿರುಗಿಸಿ ನಿಲ್ಲಿಸಿ, ಪುಲ್ಲಿಯ ಮೇಲೆ ಚಾಕ್‌ನಿಂದ ಗುರುತು ಮಾಡಿ. ಈಗ ನಿಧಾನವಾಗಿ ಹಿಂದಕ್ಕೆ ತಿರುಗಿಸಿ. ರೋಟರ್ ಅಲುಗಿದ ಕ್ಷಣ ನಿಲ್ಲಿಸಿ. ಅಲ್ಲಿಯವರೆಗೆ ಪುಲ್ಲಿ ಎಷ್ಟು ಡಿಗ್ರಿ ತಿರುಗಿತೋ ಅಷ್ಟು ಸಡಿಲ. ಪುಲ್ಲಿಯ ಸುತ್ತಳತೆ 40 ಸೆಂಟಿಮೀಟರ್ ಇದ್ದರೆ ಒಂದು ಡಿಗ್ರಿ ಅಂದರೆ ಸುಮಾರು 1.1 ಮಿಲಿಮೀಟರ್. ದರ್ಜಿಯ ಟೇಪು ಸಾಕು. 5 ಡಿಗ್ರಿಯೊಳಗಿದ್ದರೆ ಗಾಬರಿ ಬೇಡ. 10 ದಾಟಿದರೆ ಚೈನ್ ಬದಲಿಸಿ.

ಒಂದು ಎಚ್ಚರಿಕೆ. ಡಿಸ್ಟ್ರಿಬ್ಯೂಟರ್ ತಿರುಗಿಸುವ ಗೇರು ಸವೆದಿದ್ದರೆ ಅದೂ ಈ ಲೆಕ್ಕದಲ್ಲಿ ಸೇರಿಬಿಡುತ್ತದೆ. ಅನುಮಾನ ಬಂದರೆ ಟ್ಯಾಪೆಟ್ ಕವರ್ ತೆಗೆಯಿರಿ. ಅರ್ಧ ತೆರೆದ ಒಂದು ವಾಲ್ವ್ ನೋಡಿಕೊಂಡು, ರೋಟರ್ ಬದಲು ಅದನ್ನು ಒತ್ತುವ ರಾಕರ್ ಯಾವಾಗ ಅಲುಗುತ್ತದೆ ಅಂತ ಗಮನಿಸಿ.

ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯೂ ಇಲ್ಲಿ ಮೋಸ ಮಾಡಬಹುದು. ಇನ್‌ಲೆಟ್ ವಾಲ್ವ್ ತಡವಾಗಿ ಮುಚ್ಚಿದರೆ ಒಳಗೆ ಬಂದ ಗಾಳಿ ಸ್ವಲ್ಪ ಹೊರಗೆ ಹೋಗುತ್ತದೆ. ನಾಲ್ಕೂ ಸಿಲಿಂಡರಿನಲ್ಲಿ ಒತ್ತಡ ಒಂದೇ ಸಮ ಕಡಿಮೆ ತೋರಿಸುತ್ತದೆ. ಪ್ಲಗ್ ತೂತಿನಲ್ಲಿ ಒಂದಿಷ್ಟು ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ರಿಂಗ್ ತೊಂದರೆ. ಏರದೆ ನಾಲ್ಕೂ ಸಮನಾಗಿ ಕಡಿಮೆಯೇ ಇದ್ದರೆ ಮೊದಲು ಚೈನ್ ನೋಡಿ, ಆಮೇಲೆ ಸಿಲಿಂಡರ್ ಕೊರೆಸಿ ಬೋರ್ ಮಾಡಿಸುವ ಮಾತು.

ಮುಂದಿನ ಕವರ್ ತೆಗೆದಾಗ ಅದರ ಒಳಮೈ ನೋಡಿ. ಚೈನ್ ಉಜ್ಜಿದ ಹೊಳೆಯುವ ಗೀರು ಇದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಚೈನ್ ಸುತ್ತುವ ಹಲ್ಲುಚಕ್ರಗಳಾದ ಸ್ಪ್ರಾಕೆಟ್‌ಗಳ ಹಲ್ಲು ಕೊಕ್ಕೆಯಾಗಿದ್ದರೆ ಎರಡೂ ಸ್ಪ್ರಾಕೆಟ್‌ಗಳನ್ನು ಚೈನ್ ಜೊತೆಗೇ ಬದಲಿಸಿ. ಹಳೆ ಹಲ್ಲಿನ ಮೇಲೆ ಹೊಸ ಚೈನ್ ಹಾಕುವುದು ದುಡ್ಡು ದಂಡ. ಜೋಡಿಸುವಾಗ ಸ್ಪ್ರಾಕೆಟ್‌ಗಳ ಎರಡು ಚುಕ್ಕೆ ಎದುರುಬದುರಾಗಿರಲಿ. ನೇರ ಪಟ್ಟಿ ಇಟ್ಟು ಎರಡೂ ಒಂದೇ ಮಟ್ಟದಲ್ಲಿವೆಯೇ ನೋಡಿ. ಇಲ್ಲದಿದ್ದರೆ ಕ್ರ್ಯಾಂಕ್ ಸ್ಪ್ರಾಕೆಟ್ ಹಿಂದಿನ ತೆಳು ವಾಷರ್‌ಗಳಿಂದ ಸರಿಪಡಿಸಿ.

ಕೊನೆಗೆ ಇಗ್ನಿಷನ್ ಟೈಮಿಂಗ್, ಅಂದರೆ ಪ್ಲಗ್ಗಿನ ಕಿಡಿ ಹಾರುವ ಸಮಯ, ಹೊಸದಾಗಿ ಇಡಲೇಬೇಕು. ಸಡಿಲ ಚೈನಿನ ಕೊರತೆ ತುಂಬಲು ಯಾರೋ ಹಿಂದೆ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ, ಕಿಡಿ ಬೇಗ ಹಾರುವಂತೆ ಅಡ್ವಾನ್ಸ್ ಮಾಡಿರಬಹುದು. ಹಾಗೇ ಬಿಟ್ಟರೆ ಹೊಸ ಚೈನ್ ಹಾಕಿದ ಕಾರು ಮೊದಲ ಏರಿನಲ್ಲೇ ಕಟಕಟ ಅನ್ನುತ್ತದೆ.

ನಮಸ್ಕಾರ.