ಅಸಿಟೈಲ್‌ಕೋಲಿನ್: ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ

ಆಕಾಶವಾಣಿ ಹಾಸನದ ಕೇಳುಗರೆಲ್ಲರಿಗೂ ನಮಸ್ಕಾರ.

ತೋಟದಲ್ಲಿ ಔಷಧಿ ಹೊಡೆದು ಬಂದ ಮಗನಿಗೆ ತಲೆ ಸುತ್ತುತ್ತದೆ, ಬಾಯಲ್ಲಿ ಒಂದೇ ಸಮನೆ ನೀರೂರುತ್ತದೆ, ವಾಂತಿಯಾಗುತ್ತದೆ. ಅದೇ ಮನೆಯ ಜಗಲಿಯ ಮೇಲೆ ಕೂತ ಅಜ್ಜಿ, ಈಗಷ್ಟೇ ಉಂಡು ಕೈ ತೊಳೆದವರು, 'ನಂಗಿನ್ನೂ ಊಟಕ್ಕೇ ಹಾಕಿಲ್ಲ' ಅನ್ನುತ್ತಾರೆ. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಎರಡರ ಹಿಂದೆಯೂ ಒಂದೇ ರಾಸಾಯನಿಕ ಇರಬಹುದು. ಒಬ್ಬರಲ್ಲಿ ಅದು ವಿಪರೀತ ಹೆಚ್ಚಾಗಿದೆ, ಇನ್ನೊಬ್ಬರಲ್ಲಿ ಕಡಿಮೆಯಾಗಿದೆ. ಅದರ ಹೆಸರು ಅಸಿಟೈಲ್‌ಕೋಲಿನ್.

ನಮ್ಮ ನರಗಳ ಒಳಗೆ ಸಂದೇಶ ಓಡುವುದು ವಿದ್ಯುತ್ತಿನ ರೂಪದಲ್ಲಿ. ಆದರೆ ಒಂದು ನರಕೋಶಕ್ಕೂ ಮುಂದಿನದಕ್ಕೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಇರುತ್ತದೆ. ಆ ಸಂದನ್ನು ದಾಟಿಸುವ ರಾಸಾಯನಿಕಗಳೇ ನರವಾಹಕಗಳು. ಅವುಗಳಲ್ಲಿ ಮೊಟ್ಟಮೊದಲು ಪತ್ತೆಯಾದದ್ದು ಈ ಅಸಿಟೈಲ್‌ಕೋಲಿನ್. ಪತ್ತೆಯಾದ ಕಥೆ ಚೆನ್ನಾಗಿದೆ, ಕೇಳಿ. ಆಸ್ಟ್ರಿಯಾದ ಗ್ರಾಜ್ ಊರಿನಲ್ಲಿ ಆಟೋ ಲೋವಿ ಎಂಬ ವಿಜ್ಞಾನಿ ಇದ್ದರು. ಒಂದು ರಾತ್ರಿ ಅವರಿಗೆ ಕನಸಿನಲ್ಲಿ ಪ್ರಯೋಗವೊಂದು ಹೊಳೆಯಿತಂತೆ. ಎದ್ದು ಚೀಟಿಯಲ್ಲಿ ಗೀಚಿಟ್ಟರು. ಬೆಳಗ್ಗೆ ನೋಡಿದರೆ ತಮ್ಮ ಬರಹ ತಮಗೇ ಓದಲಾಗಲಿಲ್ಲ. ಮರುರಾತ್ರಿ ಅದೇ ಹೊಳಹು ಮತ್ತೆ ಬಂತು. ಈ ಸಲ ನೆಟ್ಟಗೆ ಪ್ರಯೋಗಾಲಯಕ್ಕೇ ಹೋದರು. ಬಡಿಯುತ್ತಿರುವ ಎರಡು ಕಪ್ಪೆ ಹೃದಯಗಳನ್ನು ದ್ರವದಲ್ಲಿಟ್ಟು, ಮೊದಲನೆಯದಕ್ಕೆ ಮೆದುಳಿನಿಂದ ಬರುವ ವೇಗಸ್ ಎಂಬ ನರವನ್ನು ಕೆರಳಿಸಿದರು. ಅದರ ಬಡಿತ ನಿಧಾನವಾಯಿತು. ಆಮೇಲೆ ಅದರ ಸುತ್ತಲಿನ ದ್ರವವನ್ನು ಎರಡನೆಯ ಹೃದಯಕ್ಕೆ ಹಾಕಿದರು. ನರವನ್ನು ಮುಟ್ಟದೆಯೇ ಅದರ ಬಡಿತವೂ ಇಳಿಯಿತು. ಅಂದರೆ ನರ ಏನೋ ಒಂದು ವಸ್ತುವನ್ನು ಸುರಿಸುತ್ತಿದೆ ಎಂದಾಯಿತು. ಇದನ್ನು ಅವರು ಪ್ರಕಟಿಸಿದ್ದು 1921ರಲ್ಲಿ. ಇಂಗ್ಲೆಂಡಿನ ಹೆನ್ರಿ ಡೇಲ್ ಅವರ ಜೊತೆ 1936ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಆ ವಸ್ತು ದೇಹದಲ್ಲಿ ಮಾಡುವ ಕೆಲಸ ಒಂದೆರಡಲ್ಲ. ಕೈ ಎತ್ತಬೇಕಾದರೆ ಸ್ನಾಯುವಿಗೆ ಅಪ್ಪಣೆ ಕೊಡುವುದು ಅದೇ. ಹೃದಯವನ್ನು ನಿಧಾನಿಸುವುದು, ಜೊಲ್ಲು ಬೆವರು ಸುರಿಸುವುದು, ಕರುಳನ್ನು ಆಡಿಸುವುದು ಅದರದೇ ಕೆಲಸ. ಮೆದುಳಿನಲ್ಲಿ ಗಮನ, ಕಲಿಕೆ, ನೆನಪು ಅದನ್ನು ನೆಚ್ಚಿಕೊಂಡಿವೆ.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಗದ್ದೆಗೆ ನೀರು ಬರುವ ಬಾಯಿ ಎಷ್ಟು ಮುಖ್ಯವೋ, ಹೆಚ್ಚಾದ ನೀರು ಹೊರಹೋಗುವ ಬಾಯಿಯೂ ಅಷ್ಟೇ ಮುಖ್ಯ ಎಂದು ನಿಮಗೆ ಗೊತ್ತು. ಇಲ್ಲಿ ಹೊರಹೋಗುವ ಬಾಯಿ ಎಂದರೆ ಕೋಲಿನೆಸ್ಟರೇಸ್ ಎಂಬ ಕಿಣ್ವ. ಸಂದೇಶ ಮುಟ್ಟಿದ ಮರುಗಳಿಗೆಯಲ್ಲೇ ಅದು ಅಸಿಟೈಲ್‌ಕೋಲಿನ್ನನ್ನು ಒಡೆದು ಹಾಕುತ್ತದೆ. ಕಿಣ್ವದ ಒಂದೇ ಒಂದು ಅಣು ಸೆಕೆಂಡಿಗೆ ಸಾವಿರಾರು ಅಣುಗಳನ್ನು ಒಡೆಯಬಲ್ಲದು. ನಾವು ತೋಟ, ಹೊಲಗಳಲ್ಲಿ ಬಳಸುವ ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಕ್ವಿನಾಲ್‌ಫಾಸ್, ಡೈಮಿಥೊಯೇಟ್ ಇವೆಲ್ಲ ಹುಳುವನ್ನು ಕೊಲ್ಲುವುದು ಈ ಕಿಣ್ವವನ್ನು ಕಟ್ಟಿಹಾಕಿ. ಹುಳುವಿನಲ್ಲಿರುವ ಕಿಣ್ವವೇ ನಮ್ಮಲ್ಲೂ ಇದೆ. ವಿಷಕ್ಕೆ ಇದು ಹುಳು, ಇದು ಮನುಷ್ಯ ಎಂಬ ಭೇದ ತಿಳಿಯುವುದಿಲ್ಲ.

ಅರೇಬಿಕಾ ಕಾಫಿ ಗಿಡದ ಬಿಳಿ ಕಾಂಡಕೊರಕ ಹುಳುವಿಗೆ ಮುಂಗಾರಿಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಔಷಧಿ ಹೊಡೆಯುತ್ತಾರೆ. ಶುಂಠಿಗೆ, ತರಕಾರಿಗೆ ಬೇರೆ. ಮೂಗು ಬಾಯಿಗೆ ಟವೆಲ್ ಕಟ್ಟಿಕೊಂಡರೆ ಆಯಿತು ಎಂದು ಬಹಳ ಜನ ನಂಬಿದ್ದಾರೆ. ಆದರೆ ಸಿಂಪಡಿಸುವಾಗ ಈ ವಿಷ ಹೆಚ್ಚಾಗಿ ಒಳಗೆ ಇಳಿಯುವುದು ಚರ್ಮದ ಮೂಲಕ. ನೆನೆದ ಟವೆಲ್ ಅದನ್ನು ಮುಖಕ್ಕೇ ಅಂಟಿಸಿ ಇಟ್ಟಂತೆ ಆಗುತ್ತದೆ. ಎಲ್ಲಕ್ಕಿಂತ ಅಪಾಯದ ಹೊತ್ತು ಬಾಟಲಿಯ ಗಟ್ಟಿ ಔಷಧಿಯನ್ನು ಬರಿಗೈಯಲ್ಲಿ ನೀರಿಗೆ ಬೆರೆಸುವ ಹೊತ್ತು. ರಬ್ಬರ್ ಗ್ಲೌಸು, ಬೂಟು, ತುಂಬುತೋಳಿನ ಅಂಗಿ, ಕೆಲಸ ಮುಗಿದ ಕೂಡಲೇ ಸೋಪು ಹಚ್ಚಿ ಸ್ನಾನ, ಆ ಬಟ್ಟೆಯನ್ನು ಮನೆಯವರ ಬಟ್ಟೆಯಿಂದ ಬೇರೆ ಒಗೆಯುವುದು, ಇಷ್ಟು ಆಗಲೇಬೇಕು. ತೋಟದ ಮಾಲೀಕರಿಗೆ ಒಂದು ಮಾತು ನೇರವಾಗಿ ಹೇಳುತ್ತೇನೆ: ದಿನಗೂಲಿಗೆ ಬಂದ ಆಳು ಗ್ಲೌಸನ್ನು ತಾನೇ ಕೊಂಡು ತರಲಿ ಎಂದು ಕಾಯುವುದು ನ್ಯಾಯವಲ್ಲ. ಅದನ್ನು ಕೊಡುವುದು ನಿಮ್ಮ ಹೊಣೆ. ರಕ್ಷಣಾ ಉಡುಪಿನ ಮಾತು 1971ರ ಕೀಟನಾಶಕ ನಿಯಮಗಳಲ್ಲೇ ಇದೆ. ಮನೆಯ ಮೂಲೆಯಲ್ಲಿ ಹಳೆಯ ಫೋರೇಟ್ ಹರಳು ಉಳಿದಿದ್ದರೆ ಅದನ್ನಂತೂ ಬಳಸಲೇಬೇಡಿ. 2020ರ ಕೊನೆಗೇ ಅದು ನಿಷೇಧವಾಗಿದೆ.

ವಿಷ ಏರಿದರೆ ತಿಳಿಯುವುದು ಹೇಗೆ? ಬೆವರು, ಜೊಲ್ಲು, ಕಣ್ಣೀರು ಸುರಿಯುತ್ತದೆ. ಹೊಟ್ಟೆ ನುಲಿಯುತ್ತದೆ, ಭೇದಿಯಾಗುತ್ತದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ. ಸ್ನಾಯುಗಳು ಅದುರುತ್ತವೆ. ಎದೆಯಲ್ಲಿ ಕಫ ತುಂಬಿ ಉಸಿರು ಸಿಗುವುದಿಲ್ಲ, ಪ್ರಾಣ ಹೋಗುವುದು ಉಸಿರು ಕಟ್ಟಿಯೇ. ಬಟ್ಟೆ ಬಿಚ್ಚಿ, ಮೈಯನ್ನು ಸೋಪು ನೀರಿನಲ್ಲಿ ತೊಳೆದು, 108ಕ್ಕೆ ಕರೆ ಮಾಡಿ. ತೊಳೆಯುವವರೂ ಕೈಗೆ ಗ್ಲೌಸು ಹಾಕಿಕೊಳ್ಳಿ. ಬಲವಂತದಿಂದ ವಾಂತಿ ಮಾಡಿಸಬೇಡಿ. ಔಷಧಿಯ ಡಬ್ಬಿಯನ್ನೋ ಚೀಟಿಯನ್ನೋ ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಿರಿ.

ಅಲ್ಲಿ ಕೊಡುವುದು ಅಟ್ರೊಪಿನ್. ಅದು ಅಸಿಟೈಲ್‌ಕೋಲಿನ್ ಕೂರುವ ಜಾಗವನ್ನು ತಾನು ಹಿಡಿದುಬಿಡುತ್ತದೆ. ನಮ್ಮ ಬೇಲಿಯಲ್ಲಿ ಬೆಳೆಯುವ ದತ್ತೂರಿಯಲ್ಲೂ ಇದೇ ಜಾತಿಯ ವಸ್ತು ಇದೆ. ಹಾಗೆಂದು ಮನೆಯಲ್ಲಿ ದತ್ತೂರಿ ಅರೆದು ಕುಡಿಸಲು ಹೋದರೆ ವಿಷದ ಮೇಲೆ ಇನ್ನೊಂದು ವಿಷ ಹಾಕಿದಂತಾಗುತ್ತದೆ. ರೋಗಿ ಎದ್ದು ಕೂತು ಮಾತಾಡಿದರೂ ಡಾಕ್ಟರು ಮನೆಗೆ ಬಿಡದೆ ಇರಿಸಿಕೊಂಡರೆ ಬೇಸರಪಡಬೇಡಿ. ಒಂದರಿಂದ ನಾಲ್ಕು ದಿನದೊಳಗೆ ಕೆಲವರಿಗೆ ಕುತ್ತಿಗೆ ಎತ್ತಲಾಗದಷ್ಟು ನಿಶ್ಶಕ್ತಿ ಬಂದು ಮತ್ತೆ ಉಸಿರಾಟ ಕೈಕೊಡುವುದುಂಟು. ಕಳೆದುಹೋದ ಕಿಣ್ವವನ್ನು ದೇಹ ಹೊಸದಾಗಿ ಮಾಡಿಕೊಳ್ಳಬೇಕು, ಅದಕ್ಕೆ ವಾರಗಳೇ ಬೇಕು. ಮೈ ಹಗುರಾಯಿತು ಎಂದು ಮೂರನೇ ದಿನಕ್ಕೇ ಮತ್ತೆ ಕ್ಯಾನು ಹೊರಬಾರದು. ಕೋಲಿನೆಸ್ಟರೇಸ್ ಎಷ್ಟಿದೆ ಎಂಬುದನ್ನು ರಕ್ತ ಪರೀಕ್ಷೆಯಿಂದ ತಿಳಿಯಬಹುದು.

ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪು ಬೆಳೆಯುವವರಿಗೂ ಇದರಲ್ಲಿ ಒಂದು ಪಾಲಿದೆ. ನಿಕೋಟಿನ್ ಕೂಡ ಅಸಿಟೈಲ್‌ಕೋಲಿನ್ ಕೂರುವ ಜಾಗದಲ್ಲೇ ಹೋಗಿ ಕೂರುತ್ತದೆ. ಮಳೆಗೆ, ಇಬ್ಬನಿಗೆ ನೆನೆದ ಎಲೆ ಕೀಳುವಾಗ ಅದು ಚರ್ಮದ ಮೂಲಕ ಒಳಗಿಳಿದು ತಲೆಸುತ್ತು, ವಾಂತಿ ಬರುತ್ತದೆ. ಎಲೆ ಒಣಗಿದ ಮೇಲೆ ಕಿತ್ತರೆ, ನೆನೆದ ಅಂಗಿ ಬದಲಿಸಿದರೆ ಬಹಳಷ್ಟು ತಪ್ಪಿಸಬಹುದು.

ಈಗ ಜಗಲಿಯ ಅಜ್ಜಿಯ ಕಡೆ ಬರೋಣ. ಅಲ್ಜೈಮರ್ ಕಾಯಿಲೆಯಲ್ಲಿ ಅಸಿಟೈಲ್‌ಕೋಲಿನ್ ತಯಾರಿಸುವ ನರಕೋಶಗಳೇ ಸಾಯುತ್ತಾ ಹೋಗುತ್ತವೆ. ಆ ಕಾಯಿಲೆಯಲ್ಲಿ ಬೇರೆ ಬದಲಾವಣೆಗಳೂ ಇವೆ, ಇದು ಮುಖ್ಯವಾದದ್ದರಲ್ಲಿ ಒಂದು. ಅದಕ್ಕೆ ಕೊಡುವ ಡೊನೆಪೆಜಿಲ್ ಮಾತ್ರೆ ಏನು ಮಾಡುತ್ತದೆ ಗೊತ್ತೆ? ಅದೇ ಕೋಲಿನೆಸ್ಟರೇಸನ್ನು ತಡೆಯುತ್ತದೆ, ಆದರೆ ಹದವಾಗಿ, ಬಿಟ್ಟುಕೊಡುವ ಹಾಗೆ. ತೋಟದಲ್ಲಿ ಮನುಷ್ಯನನ್ನು ಕೆಡವುವ ದಾರಿಯೇ ಇಲ್ಲಿ ಅಳತೆಯಲ್ಲಿ ಮದ್ದಾಗಿದೆ. ನನಗೆ ವೈದ್ಯಶಾಸ್ತ್ರದಲ್ಲಿ ಬಹಳ ಸೋಜಿಗ ತರುವ ಸಂಗತಿಗಳಲ್ಲಿ ಇದೊಂದು. ಈ ಮಾತ್ರೆಯಿಂದ ಕೆಲವರಿಗೆ ಸ್ವಲ್ಪ ಅನುಕೂಲವಾಗುತ್ತದೆ, ಆದರೆ ಕಾಯಿಲೆ ನಿಲ್ಲುವುದಿಲ್ಲ.

ಎಲ್ಲ ಮರೆವೂ ಅಲ್ಜೈಮರ್ ಅಲ್ಲ. ಅರವತ್ತಕ್ಕೆ ಅರಳು ಮರಳು ಎಂದು ಸುಮ್ಮನಾಗಿಬಿಡುವ ಮನೆಗಳಲ್ಲಿ ಎಷ್ಟೋ ಸಲ ಮಾತ್ರೆಯ ಡಬ್ಬಿಯೇ ಕಾರಣವಾಗಿರುತ್ತದೆ. ನೆಗಡಿ, ತುರಿಕೆಗೆ ಕೊಡುವ ಕ್ಲೋರ್‌ಫೆನಿರಮಿನ್, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಇವೆಲ್ಲ ಅಸಿಟೈಲ್‌ಕೋಲಿನ್‌ಗೆ ಅಡ್ಡ ನಿಲ್ಲುತ್ತವೆ. ವಯಸ್ಸಾದವರಲ್ಲಿ ಇಂಥವು ಎರಡು ಮೂರು ಸೇರಿಕೊಂಡರೆ ಬಾಯಿ ಒಣಗುತ್ತದೆ, ಮಲಬದ್ಧತೆ, ಮೂತ್ರ ಕಟ್ಟುವುದು, ಕಣ್ಣು ಮಂಜಾಗುವುದು, ರಾತ್ರಿ ಹೊತ್ತು ಏನೇನೋ ಮಾತಾಡುವುದು ಶುರುವಾಗುತ್ತದೆ. ಹಾಸನದಲ್ಲಿ ಒಬ್ಬ ಡಾಕ್ಟರು, ತಾಲ್ಲೂಕಿನಲ್ಲಿ ಒಬ್ಬರು, ಮಧ್ಯೆ ಮೆಡಿಕಲ್ ಸ್ಟೋರಿನವರು ಕೊಟ್ಟದ್ದು, ಇವರಲ್ಲಿ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತೇ ಇರುವುದಿಲ್ಲ. ನೀವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ, ಒಬ್ಬರೇ ಡಾಕ್ಟರ ಮುಂದೆ ಸುರಿದು, ಇದರಲ್ಲಿ ಯಾವುದು ಬೇಡ ಎಂದು ಕೇಳಿ.

ಆಹಾರದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಅಸಿಟೈಲ್‌ಕೋಲಿನ್ ತಯಾರಾಗಲು ಕೋಲಿನ್ ಎಂಬ ಪೋಷಕಾಂಶ ಬೇಕು. ಒಂದು ದೊಡ್ಡ ಮೊಟ್ಟೆಯಲ್ಲಿ ಸುಮಾರು 147 ಮಿಲಿಗ್ರಾಂ ಇರುತ್ತದೆ. ಮೀನು, ಹಾಲು, ಸೋಯಾ, ಕಾಳು, ಕಡಲೆಕಾಯಿಯಲ್ಲೂ ಇದೆ. ಅಮೆರಿಕದ ತಜ್ಞರು ದಿನಕ್ಕೆ ಗಂಡಸರಿಗೆ 550, ಹೆಂಗಸರಿಗೆ 425 ಮಿಲಿಗ್ರಾಂ ಸಾಕು ಎಂದಿದ್ದಾರೆ. ಬೇಕಾದಷ್ಟು ತಿನ್ನುತ್ತಿರುವ ಆರೋಗ್ಯವಂತರಿಗೆ ಇನ್ನಷ್ಟು ಕೋಲಿನ್ ಕೊಟ್ಟರೆ ನೆನಪು ಇಮ್ಮಡಿಯಾಗುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳಿಗೆ ನೆನಪಿನ ಶಕ್ತಿಯ ಡಬ್ಬಿಗಳನ್ನು ಕೊಳ್ಳುವ ದುಡ್ಡನ್ನು ಮೊಟ್ಟೆಗೋ ಹಾಲಿಗೋ ಹಾಕಿ. ರಾತ್ರಿ ಓದು ಮುಗಿಸಿ ಮಲಗಲು ಬಿಡಿ. ಗಾಢ ನಿದ್ದೆಯಲ್ಲಿ ಮೆದುಳಿನ ಅಸಿಟೈಲ್‌ಕೋಲಿನ್ ಇಳಿಯುತ್ತದೆ, ಹಗಲು ಕಲಿತದ್ದು ಗಟ್ಟಿಯಾಗಲು ಆ ಇಳಿತವೂ ಬೇಕು.

ನಮಸ್ಕಾರ.