ಗಡ್ಡೆ ಬಿಟ್ಟು ಗಂಟಿನ ಕಡೆಗೆ

ಕೇಳುಗರಿಗೆ ನಮಸ್ಕಾರ.

ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿಯಲ್ಲಿ ಗಂಟು ಕಟ್ಟಿಕೊಳ್ಳುತ್ತದೆ, ಅಲ್ವಾ? ಗಾಯ ಪಾದದಲ್ಲಿ, ನೋವು ಸಂದಿಯಲ್ಲಿ. ಆ ಗಂಟೇ ದುಗ್ಧಗ್ರಂಥಿ. ಮೈ ಕಾಯುವ ಟಿ ಕೋಶಗಳಿಗೆ ಶತ್ರುವಿನ ಗುರುತು ಸಿಗುವ ಜಾಗ ಅದು. ಗುರುತು ತೋರಿಸುವ ಕೆಲಸ ಡೆಂಡ್ರಿಟಿಕ್ ಕೋಶಗಳದ್ದು.

ಕ್ಯಾನ್ಸರ್ ಕೋಶ ಹುಟ್ಟುವುದು ನಮ್ಮ ಮೈಯಲ್ಲೇ. ಹಾಗಾಗಿ ಕಾವಲಿನ ಕಣ್ಣು ತಪ್ಪಿಸುವುದು ಅದಕ್ಕೆ ಸುಲಭ. ಜೊತೆಗೆ ಟಿ ಕೋಶಗಳ ಬ್ರೇಕನ್ನೂ ಒತ್ತಿ ಹಿಡಿಯುತ್ತದೆ. ಆ ಬ್ರೇಕು ಬಿಡಿಸುವ ದಾರಿ ತೋರಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಆದರೂ ಎಷ್ಟೋ ರೋಗಿಗಳಿಗೆ ಆ ಔಷಧಿ ಕೆಲಸ ಮಾಡುವುದಿಲ್ಲ. ಯಾರನ್ನು ಹೊಡೆಯಬೇಕು ಅಂತಲೇ ಟಿ ಕೋಶಗಳಿಗೆ ಗೊತ್ತಿಲ್ಲದಿದ್ದರೆ, ಬ್ರೇಕು ಬಿಟ್ಟು ಏನು ಮಾಡೋದು?

ಇಲ್ಲಿಗೆ ಬರುತ್ತವೆ ನ್ಯಾನೋ ಕಣಗಳು. ಕೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು, ಅಷ್ಟು ಸಣ್ಣವು. ಇವು ಔಷಧಿ ಹೊತ್ತು ನೇರ ಕ್ಯಾನ್ಸರ್ ಗಡ್ಡೆಗೇ ಹೋಗಲಿ ಎಂಬುದು ಹಳೆಯ ಆಸೆ. ಟೊರೊಂಟೊದ ವಿಜ್ಞಾನಿಗಳು 2016ರಲ್ಲಿ ಹಿಂದಿನ ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟಿಗೆ ನೋಡಿದರು. ಮೈಗೆ ಬಿಟ್ಟ ಕಣಗಳಲ್ಲಿ ಗಡ್ಡೆ ಮುಟ್ಟಿದ್ದು ಸಾಮಾನ್ಯವಾಗಿ ಶೇಕಡಾ 0.7 ಮಾತ್ರ. ಓದಿದಾಗ ನನಗೆ ಬೇಜಾರಾಯಿತು.

ಅದೇ ವರ್ಷ ಜರ್ಮನಿಯ ಮೈಂಝ್‌ನಿಂದ ಬೇರೆ ಸುದ್ದಿ ಬಂತು. ಊರ್ ಶಾಹಿನ್ ಅವರ ತಂಡ ಗಡ್ಡೆಯ ಗುರುತುಳ್ಳ ಆರ್‌ಎನ್‌ಎಯನ್ನು, ಅಂದರೆ ಕೋಶಕ್ಕೆ ಸೂಚನೆ ಒಯ್ಯುವ ಅಣುವನ್ನು, ಕೊಬ್ಬಿನ ಕಣದಲ್ಲಿ ಇಟ್ಟಿತು. ಕೊಬ್ಬಿಗೆ ಧನ ವಿದ್ಯುತ್ತು, ಆರ್‌ಎನ್‌ಎಗೆ ಋಣ. ಕೊಬ್ಬು ಜಾಸ್ತಿಯಾದರೆ ಇಲಿಯಲ್ಲಿ ಕಣ ಶ್ವಾಸಕೋಶಕ್ಕೆ ಹೋಗುತ್ತಿತ್ತು. ಆರ್‌ಎನ್‌ಎ ಸ್ವಲ್ಪ ಜಾಸ್ತಿ ಮಾಡಿದರು ನೋಡಿ, ಕಣಗಳು ಗುಲ್ಮದತ್ತ (ಸ್ಪ್ಲೀನ್) ತಿರುಗಿದವು. ಡೆಂಡ್ರಿಟಿಕ್ ಕೋಶಗಳು ಗುಂಪುಗಟ್ಟಿರುವ ಜಾಗ ಅದು. ದಾರಿ ತೋರಿಸಲು ಬೇರೇನೂ ಅಂಟಿಸಲಿಲ್ಲ. ಸುಮ್ನೆ ಅಳತೆ ಬದಲಿಸಿದರು, ಅಷ್ಟೇ! ನನಗಂತೂ ಇದು ಈ ಇಡೀ ಕಥೆಯ ಅತ್ಯಂತ ಚೆಂದದ ಭಾಗ.

ಈಗ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಲಸಿಕೆ ಮಾಡಿ ನೋಡುತ್ತಿದ್ದಾರೆ. ರೋಗಿಯದೇ ಗಡ್ಡೆಯಿಂದ 34ರವರೆಗೆ ಗುರುತುಗಳನ್ನು ಆರಿಸಿ, ಆರ್‌ಎನ್‌ಎ ಮಾಡಿ ಕೊಬ್ಬಿನ ಕಣದಲ್ಲಿ ತುಂಬುತ್ತಾರೆ. 157 ಜನರ ಪರೀಕ್ಷೆಯಲ್ಲಿ ಕೆಲವರಿಗೆ ಬ್ರೇಕು ಬಿಡಿಸುವ ಔಷಧಿ ಮಾತ್ರ, ಉಳಿದವರಿಗೆ ಅದರ ಜೊತೆ ಲಸಿಕೆ. ಲಸಿಕೆಯೂ ಸಿಕ್ಕವರಲ್ಲಿ ರೋಗ ಮರಳುವ ಅಥವಾ ಸಾವಿನ ಅಪಾಯ ಶೇಕಡಾ 44 ಕಡಿಮೆ ಕಂಡಿತು. ಪರೀಕ್ಷೆ ಚಿಕ್ಕದು. ದೊಡ್ಡದರ ಫಲಿತಾಂಶವನ್ನು ಕಾದು ನೋಡಲೇಬೇಕು.

ಅವರೆಲ್ಲರ ಗಡ್ಡೆಯನ್ನು ಮೊದಲೇ ಕತ್ತರಿಸಿ ತೆಗೆದಾಗಿತ್ತು. ಕಣ ಹುಡುಕಿಕೊಂಡು ಹೋಗಲು ಅಲ್ಲಿ ಗಡ್ಡೆಯೇ ಇರಲಿಲ್ಲ. ಸ್ನಾಯುವಿಗೆ ಚುಚ್ಚಿದ ಲಸಿಕೆ ಹತ್ತಿರದ ಗಂಟಿಗೆ ಸೇರಿದರೆ ಸಾಕಿತ್ತು.