ನಾಲ್ಕು ಗೆರೆಯ ಮರ

ಕೇಳುಗರೆಲ್ಲರಿಗೂ ನಮಸ್ಕಾರ.

ಕೈ ಖಾಲಿ ಇದ್ದರೆ ಎಡಗೈ ಅಂಗೈ ಬಿಚ್ಚಿ. ಬಲಗೈ ತೋರುಬೆರಳೇ ಪೆನ್ನು ಅಂದುಕೊಳ್ಳಿ. ಮೊದಲು ಎಡದಿಂದ ಬಲಕ್ಕೆ ಒಂದು ಅಡ್ಡಗೆರೆ. ಅದರ ನಡುವೆ ಹಾದು, ಮೇಲಿಂದ ಕೆಳಕ್ಕೆ ಒಂದು ಉದ್ದಗೆರೆ. ಈಗ ಲೆಕ್ಕದಲ್ಲಿ ಬರುವ ಕೂಡುವ ಗುರುತು ಆಯಿತು, ಅಲ್ವಾ? ಎರಡೂ ಗೆರೆ ಸೇರಿದ ಜಾಗದಿಂದ ಎಡಗಡೆಗೆ ಕೆಳಗೆ ಜಾರುವ ಒಂದು ಗೆರೆ. ಬಲಗಡೆಗೆ ಜಾರುವ ಇನ್ನೊಂದು. ಅಷ್ಟೇ. ನೀವೀಗ ಜಪಾನಿಯಲ್ಲಿ ‘ಮರ’ ಎಂದು ಬರೆದಿರಿ. ಓದುವಾಗ ‘ಕಿ’ ಅನ್ನಬೇಕು.

ಇಂಥ ಅಕ್ಷರಗಳಿಗೆ ಕಾಂಜಿ ಎಂದು ಹೆಸರು. ಹೆಚ್ಚಿನವು ಚೀನಾದಿಂದ ಜಪಾನಿಗೆ ಬಂದವು. ನಮ್ಮ ಕ, ಖ, ಗ ಒಂದೊಂದು ದನಿಯನ್ನು ಹೇಳುತ್ತವೆ. ಕಾಂಜಿ ಹಾಗಲ್ಲ, ಒಂದು ಅರ್ಥವನ್ನೇ ಹೊತ್ತುಕೊಂಡಿರುತ್ತದೆ. ಜಪಾನಿನ ಮಕ್ಕಳು ಒಂದನೇ ಕ್ಲಾಸಿನಲ್ಲಿ ಇಂಥ 80 ಅಕ್ಷರ ಕಲಿಯುತ್ತಾರೆ. ನಮ್ಮ ಮರವೂ ಅದರಲ್ಲಿದೆ.

ನಾನು ಇದನ್ನು ಕಲಿತ ಹೊಸದರಲ್ಲಿ, ಕೆಳಗೆ ಜಾರುವ ಆ ಎರಡು ಗೆರೆಗಳನ್ನು ಬಾಗಿದ ಕೊಂಬೆ ಎಂದೇ ತಿಳಿದಿದ್ದೆ. ಚಿತ್ರದಲ್ಲಿ ಕ್ರಿಸ್‌ಮಸ್ ಮರ ಇರುತ್ತದಲ್ಲ, ಹಾಗೆ. ತುಂಬಾ ದಿನ ಅದನ್ನೇ ನಂಬಿದ್ದೆ. ಆಮೇಲೊಂದು ದಿನ ಈ ಅಕ್ಷರದ ಹಳೆಯ ರೂಪ ಕಣ್ಣಿಗೆ ಬಿತ್ತು. ನಂಬಿದ್ದೆಲ್ಲ ತಲೆಕೆಳಗಾಯಿತು.

ಚೀನಾದ ಹೆನಾನ್ ಪ್ರಾಂತ್ಯದಲ್ಲಿ ಆನ್‌ಯಾಂಗ್ ಎಂಬ ಊರಿದೆ. 3,000 ವರ್ಷಕ್ಕೂ ಹಿಂದೆ ಅಲ್ಲಿ ಶಾಂಗ್ ರಾಜರು ಆಳುತ್ತಿದ್ದರು. ಮಳೆ ಬರುತ್ತದೆಯೇ, ಬೆಳೆ ಕೈಗೆ ಸಿಗುತ್ತದೆಯೇ, ಯುದ್ಧಕ್ಕೆ ಹೊರಡಬಹುದೇ ಎಂದು ದೈವವನ್ನು ಕೇಳುತ್ತಿದ್ದರು. ಆಮೆಯ ಹೊಟ್ಟೆಚಿಪ್ಪು ಅಥವಾ ಎತ್ತಿನ ಹೆಗಲಿನ ಮೂಳೆಗೆ ಬಿಸಿ ತಾಗಿಸುವುದು, ಅದು ಬಿರುಕು ಬಿಟ್ಟ ರೀತಿ ನೋಡಿ ಉತ್ತರ ತಿಳಿಯುವುದು. ಕೇಳಿದ ಪ್ರಶ್ನೆಯನ್ನು ಅದೇ ಮೂಳೆಯ ಮೇಲೆ ಕೊರೆದಿಡುತ್ತಿದ್ದರು. ಆ ಮೂಳೆಗಳ ಮೇಲೆ ನಮ್ಮ ಮರ ಇದೆ. ನಡುವೆ ನೆಟ್ಟಗೆ ಕಾಂಡ. ಮೇಲೆ ಎರಡೂ ಕಡೆ ಆಕಾಶಕ್ಕೆ ಚಾಚಿದ ಕೊಂಬೆ. ಕೆಳಗೆ ಎರಡೂ ಕಡೆ ನೆಲಕ್ಕೆ ಇಳಿದ ಬೇರು.

ಮುಂದೆ ಕುಂಚದಲ್ಲಿ ಬೇಗ ಬೇಗ ಬರೆಯುತ್ತಾ ಬರೆಯುತ್ತಾ ಮೇಲಿನ ಕೊಂಬೆಗಳು ಚಪ್ಪಟೆಯಾಗಿ ಅಡ್ಡಗೆರೆಯಾದವು. ಬೇರುಗಳು ಹಾಗೇ ಉಳಿದವು. ಅಂದರೆ ನೀವು ಅಂಗೈಯಲ್ಲಿ ಎಳೆದ ಕೊನೆಯ ಎರಡು ಗೆರೆ ಕೊಂಬೆಯಲ್ಲ, ಬೇರು. ಕ್ರಿ.ಶ. 100ರ ಸುಮಾರಿಗೆ ಶೂ ಶೆನ್ ಎಂಬ ಚೀನೀ ಪಂಡಿತ ಅಕ್ಷರಗಳ ಮೂಲ ಹೇಳುವ ದೊಡ್ಡ ನಿಘಂಟು ಬರೆದ. ಅವನೂ ಇದನ್ನೇ ಹೇಳಿದ್ದಾನೆ: ಇದರ ಕೆಳಭಾಗ ಬೇರಿನ ಹಾಗಿದೆ. ಮರ ಬರೆಯಿರಿ ಅಂದರೆ ನಮಗೆ ಕಾಣುವುದನ್ನಷ್ಟೇ ಬರೆಯುತ್ತೇವೆ. ಆ ಹಳೆಯ ಜನ ಮಣ್ಣೊಳಗೆ ಇರುವುದನ್ನೂ ಬಿಡದೆ ಬರೆದರು. ಇದು ಗೊತ್ತಾದ ಮೇಲೆ ಈ ಅಕ್ಷರವನ್ನು ಸುಮ್ನೆ ಗೀಚಿ ಮುಂದೆ ಹೋಗಲು ನನಗೆ ಮನಸ್ಸೇ ಬರುವುದಿಲ್ಲ.

ಅಕ್ಷರ ಸಮುದ್ರ ದಾಟಿ ಜಪಾನಿಗೆ ಬಂದಾಗ ಅಲ್ಲಿ ‘ಕಿ’ ಎಂಬ ಸ್ವಂತ ಮಾತು ಆಗಲೇ ಇತ್ತು. ಆ ಮಾತನ್ನೇ ಅಕ್ಷರಕ್ಕೆ ಹಚ್ಚಿದರು. ಜೊತೆಗೆ ಚೀನಾದ ಉಚ್ಚಾರಣೆಯೂ ‘ಮೊಕು’, ‘ಬೊಕು’ ಎಂದು ಉಳಿಯಿತು. ಬೇರೆ ಪದದ ಜೊತೆ ಸೇರುವಾಗ ‘ಕಿ’ ಕೆಲವೊಮ್ಮೆ ‘ಕೊ’ ಆಗುತ್ತದೆ. ಈ ‘ಕೊ’ದಿಂದ ಹುಟ್ಟಿದ ಪದಗಳು ನನಗೆ ಬಹಳ ಇಷ್ಟ. ಎಲೆಗಳ ಸಂದಿಯಿಂದ ಸೋರುವ ಬಿಸಿಲಿಗೆ ‘ಕೊಮೊರೆಬಿ’ ಎನ್ನುತ್ತಾರೆ. ಚಳಿಗಾಲದ ಬಾಗಿಲಲ್ಲಿ ಮರಗಳನ್ನು ಒಣಗಿಸುವ ಗಾಳಿ ‘ಕೊಗರಾಶಿ’. ಬೆಟ್ಟದಲ್ಲಿ ಕೂಗಿದರೆ ಮರುದನಿ ಬರುತ್ತದಲ್ಲ, ಅದು ‘ಕೊದಮಾ’. ಮರದ ಜೀವ ಎಂದು ಅರ್ಥ. ಕೂಗಿಗೆ ಓಗೊಡುವುದು ಮರದೊಳಗಿನ ಜೀವ ಎಂಬ ನಂಬಿಕೆ.

ಕನ್ನಡದವರಿಗೆ ಒಂದು ವಿಷಯ ತುಂಬಾ ಸಲೀಸು. ‘ಕಿ’ ಎಂದರೆ ನಿಂತಿರುವ ಮರವೂ ಹೌದು, ಕುರ್ಚಿ ಮೇಜು ಮಾಡುವ ಮರವೂ ಹೌದು. ನಾವೂ ಹಾಗೇ ಅಲ್ವಾ? ಮರ ಹತ್ತುತ್ತೇವೆ, ಮರದ ಬಾಗಿಲು ಎನ್ನುತ್ತೇವೆ. ಹಾಗಾಗಿ ಮೇಜು, ಹಲಗೆ, ಕಂಬ, ಸೇತುವೆ, ದಿಂಬು ಇವುಗಳ ಕಾಂಜಿಯಲ್ಲೆಲ್ಲ ಎಡಗಡೆ ಒಂದು ಸಣ್ಣ ಮರ ನಿಂತಿರುತ್ತದೆ. ದಿಂಬಿನಲ್ಲಿ ಮರವೇ ಅಂತ ಅಚ್ಚರಿಯಾಗಬಹುದು. ಹಿಂದೆ ಮರದ ದಿಂಬು ಬಳಕೆಯಲ್ಲಿತ್ತು.

ಇನ್ನು ಬುಡ ಮತ್ತು ತುದಿ. ಅಂಗೈಯ ಮರದ ಕಾಂಡಕ್ಕೆ ಕೆಳಗೆ, ಬೇರಿನ ಹತ್ತಿರ, ಚಿಕ್ಕ ಅಡ್ಡಗೆರೆ ಎಳೆಯಿರಿ. ಅದು ‘ಹೊನ್’. ಬುಡ, ಮೂಲ ಎಂದು ಅರ್ಥ. ಮೂಲ ಪ್ರತಿ ಎಂಬ ಅರ್ಥ ಬೆಳೆದು ಕೊನೆಗೆ ಪುಸ್ತಕಕ್ಕೂ ‘ಹೊನ್’ ಎಂದೇ ಹೆಸರಾಯಿತು. ಜಪಾನೀಯರು ತಮ್ಮ ದೇಶವನ್ನು ‘ನಿಹೋನ್’ ಎನ್ನುತ್ತಾರೆ. ಸೂರ್ಯನ ಅಕ್ಷರ, ಪಕ್ಕದಲ್ಲಿ ಈ ಬುಡ. ಸೂರ್ಯ ಹುಟ್ಟುವ ಮೂಲ. ಒಂದು ದೇಶದ ಹೆಸರಿನಲ್ಲೇ ಮರ ಬೇರು ಬಿಟ್ಟು ನಿಂತಿದೆ.

ಅದೇ ಗೆರೆಯನ್ನು ಮೇಲೆ, ಅಡ್ಡಗೆರೆಗಿಂತ ಉದ್ದವಾಗಿ ಎಳೆದರೆ ‘ಸುಎ’, ಅಂದರೆ ತುದಿ, ಕೊನೆ. ಮೇಲಿನ ಗೆರೆ ಗಿಡ್ಡವಾದರೆ ಅರ್ಥವೇ ಬದಲು. ಅದು ‘ಮಿ’, ಅಂದರೆ ‘ಇನ್ನೂ ಇಲ್ಲ’. ಇನ್ನೂ ಬಂದಿಲ್ಲದ್ದು ‘ಮಿರಾಯ್’, ಅಂದರೆ ಭವಿಷ್ಯ. ಒಂದು ಗೆರೆ ಕೂದಲೆಳೆ ಹೆಚ್ಚುಕಮ್ಮಿ ಆದರೆ ಕೊನೆಗೂ ನಾಳೆಗೂ ಅದಲುಬದಲು!

ಬುಡ ತುದಿ ಎರಡನ್ನೂ ಸೇರಿಸಿ ‘ಹೊನ್‌ಮಾತ್ಸು ತೆಂತೋ’ ಎಂಬ ಮಾತಿದೆ. ಬುಡವೂ ತುದಿಯೂ ತಿರುವುಮುರುವಾಯಿತು ಎಂದು. ಆರೋಗ್ಯಕ್ಕೆಂದು ಓಡಲು ಶುರು ಮಾಡಿ, ಓಟಕ್ಕಾಗಿ ನಿದ್ದೆ ಕೆಡಿಸಿಕೊಂಡರೆ ಅದು ಹೊನ್‌ಮಾತ್ಸು ತೆಂತೋ. ಕೇಳಿದ ಕೂಡಲೇ ನನಗೆ ನೆನಪಾದದ್ದು ನಮ್ಮ ‘ಬುಡಮೇಲು’. ಬಳಕೆ ಸ್ವಲ್ಪ ಬೇರೆ, ಆದರೆ ಕಣ್ಣ ಮುಂದೆ ಬರುವುದು ಅದೇ ಉರುಳಿದ ಮರ.

ಎರಡು ಮರ ಪಕ್ಕಪಕ್ಕ ಇಟ್ಟರೆ ‘ಹಯಾಶಿ’, ತೋಪು. ಮೂರು ಇಟ್ಟರೆ ‘ಮೊರಿ’, ಕಾಡು. ಮರದ ಪಕ್ಕ ಮನುಷ್ಯ ನಿಂತರೆ ವಿಶ್ರಾಂತಿ. ಜಪಾನಿನ ಅಂಗಡಿ ರಜೆ ಎಂದು ಬೋರ್ಡ್ ಹಾಕಿದಾಗಲೂ ಈ ಮನುಷ್ಯ ಮರದ ಬದಿಗೆ ಇರುತ್ತಾನೆ. ಮರದ ಪಕ್ಕ ದೇವರು ಬಂದರೆ ‘ಸಕಾಕಿ’ ಎಂಬ ಮರ. ಜಪಾನಿನ ಶಿಂತೋ ಧರ್ಮದ ಗುಡಿಗಳಲ್ಲಿ ಅರ್ಪಿಸುವ ಹಸಿರು ಕೊಂಬೆ ಇದರದ್ದೇ. ಈ ಅಕ್ಷರ ಹುಟ್ಟಿದ್ದು ಜಪಾನಿನಲ್ಲೇ. ಮರದ ಜೊತೆ ವಸಂತ ಸೇರಿದರೆ ‘ತ್ಸುಬಾಕಿ’, ಬೇಸಿಗೆ ಸೇರಿದರೆ ‘ಎನೋಕಿ’, ಚಳಿಗಾಲ ಸೇರಿದರೆ ಮುಳ್ಳೆಲೆಯ ‘ಹಿಇರಾಗಿ’. ಮೂರೂ ಮರಗಳ ಹೆಸರೇ. ಸೂಪರ್ ಮಾರ್ಕೆಟ್‌ನಲ್ಲಿ ಸಿಗುವ ಬಿಳಿ ದಾರದಂಥ ಎನೋಕಿ ಅಣಬೆಗೆ ಹೆಸರು ಬಂದದ್ದು ಆ ಮರದಿಂದಲೇ.

ಎಲ್ಲ ಕಥೆಯನ್ನೂ ನಂಬಬಾರದು ಅನ್ನುವುದಕ್ಕೂ ಒಂದು ಉದಾಹರಣೆ ಇದೆ. ಪೂರ್ವ ದಿಕ್ಕಿನ ಕಾಂಜಿ, ತೋಕ್ಯೋ ಹೆಸರಿನ ಮೊದಲ ಅಕ್ಷರ, ಮರದ ಹಿಂದೆ ಸೂರ್ಯ ಹುಟ್ಟಿದ ಹಾಗೆ ಕಾಣುತ್ತದೆ. ಶೂ ಶೆನ್ ಕೂಡ ಹಾಗೇ ಬಿಡಿಸಿ ಹೇಳಿದ. ಆದರೆ ಮೂಳೆಯ ಮೇಲಿನ ಹಳೆಯ ರೂಪ ಎರಡೂ ತುದಿ ಕಟ್ಟಿದ ಚೀಲದಂತಿದೆ. ದನಿ ಹೊಂದಿತೆಂದು ಅದನ್ನು ದಿಕ್ಕಿಗೆ ಎರವಲು ತಂದರು ಎಂಬುದೇ ಈಗಿನ ವಿದ್ವಾಂಸರ ವಿವರಣೆ.

ಮಕ್ಕಳ ಕಷ್ಟವೊಂದನ್ನು ಹೇಳಲೇಬೇಕು. ಉದ್ದಗೆರೆಯ ಕೊನೆಯಲ್ಲಿ ಬೆರಳು ಗಟ್ಟಿಯಾಗಿ ನಿಲ್ಲಬೇಕೇ, ಚಿಕ್ಕ ಕೊಕ್ಕೆಯಾಗಿ ಮೇಲೇಳಬಹುದೇ? ಕೊಕ್ಕೆ ಹಾಕಿದರೆ ತಪ್ಪು ಎಂದು ಮಾರ್ಕ್ಸ್ ಕಳೆಯುವುದಿತ್ತು. 2016ರಲ್ಲಿ ಜಪಾನಿನ ಸಂಸ್ಕೃತಿ ಇಲಾಖೆ, ನಿಲ್ಲಿಸಿದರೂ ಸರಿ, ಕೊಕ್ಕೆ ಹಾಕಿದರೂ ಸರಿ ಎಂದು ವಿವರವಾಗಿ ತಿಳಿಸಿತು. ನನಗಂತೂ ಜಾಸ್ತಿ ಖುಷಿಯಾಯಿತು. ಹಿಂದಿನ ಕಾಲದ ಕೈಬರಹದಲ್ಲಿ ಎರಡೂ ರೂಪ ಇದ್ದವು.

ನಮ್ಮ ಗುರುವಾರಕ್ಕೂ ಈ ಮರಕ್ಕೂ ನಂಟಿದೆ. ಜಪಾನಿನಲ್ಲಿ ಗುರುವಾರ ‘ಮೊಕುಯೋಬಿ’, ಮರದ ವಾರ. ಗುರುಗ್ರಹವನ್ನು ಚೀನೀಯರು ಮರದ ನಕ್ಷತ್ರ ಎಂದು ಕರೆದರು. ಗ್ರಹಗಳ ಹೆಸರಿನ ವಾರದ ಲೆಕ್ಕ ಅಲ್ಲಿಗೆ ಹೋದದ್ದರಲ್ಲಿ ಭಾರತದ ಜ್ಯೋತಿಷದ ಪಾಲಿದೆ. 8ನೇ ಶತಮಾನದಲ್ಲಿ ಅಮೋಘವಜ್ರ ಎಂಬ ಬೌದ್ಧ ಗುರು ಅದನ್ನು ಹೇಳುವ ಗ್ರಂಥವೊಂದನ್ನು ಚೀನೀ ಭಾಷೆಗೆ ತಂದ. 806ರಲ್ಲಿ ಕೂಕಾಯ್ ಎಂಬ ಸನ್ಯಾಸಿ ಆ ಗ್ರಂಥವನ್ನು ಜಪಾನಿಗೆ ಒಯ್ದ.

ಇನ್ನೊಂದೇ ಒಂದು. ನಾವು ಎರಡು ಹಸು, ಇಬ್ಬರು ಹುಡುಗರು ಎಂದು ಎಣಿಸುವ ಮಾತನ್ನು ಬದಲಿಸುತ್ತೇವೆ. ಜಪಾನಿಯಲ್ಲಿ ಉದ್ದನೆಯ ವಸ್ತುಗಳಿಗೆ ಬೇರೆಯೇ ಎಣಿಕೆ. ಪೆನ್ಸಿಲ್ಲು, ಕೊಡೆ, ಬಾಟಲಿ ಎಲ್ಲಕ್ಕೂ ಆ ‘ಹೊನ್’ ಅಕ್ಷರವೇ ಬೇಕು. ಮರಕ್ಕೂ ಅದೇ. ‘ಇಪ್ಪೋನ್ ನೊ ಕಿ’, ಒಂದು ಮರ. ‘ಒಂದು’ ಸೇರಿದಾಗ ‘ಹೊನ್’ ಹೀಗೆ ‘ಪ್ಪೋನ್’ ಆಗುತ್ತದೆ. ಅಂಗೈ ಇನ್ನೂ ಬಿಚ್ಚಿಯೇ ಇದ್ದರೆ ಇದರ ಮೂರು ಕಾಂಜಿಗಳನ್ನು ಬರೆದು ನೋಡಿ. ‘ಒಂದು’ ಎಂಬುದಕ್ಕೆ ಒಂದು ಅಡ್ಡಗೆರೆ, ಆಮೇಲೆ ಬುಡದಲ್ಲಿ ಗುರುತಿರುವ ಮರ, ಕೊನೆಗೆ ಬರೀ ಮರ.

ನಮಸ್ಕಾರ.